ಮುನಿವೆಂಕಟಮ್ಮನ ಅಳತೆ

ಮಾಗಡಿ ರಸ್ತೆಯ ಆಸ್ಪತ್ರೆ, ಎರಡನೇ ಮಹಡಿ, ಕತ್ತಲೆ ಕೋಣೆ.
ಹೊಟ್ಟೆಯ ಮೇಲೆ ಜೆಲ್ ಬಿದ್ದರೆ ಎಲ್ಲರೂ ಬೆಚ್ಚುತ್ತಾರೆ.
ಈಕೆ ಮಾತ್ರ
"ಇಸ್ತ್ರಿಗೆ ಮುಂಚೆ ನೀರು ಚಿಮುಕಿಸಿದ ಹಾಗಾಯ್ತು" ಅಂದಳು.

ಆರು ತಿಂಗಳಿಗೊಮ್ಮೆ ಬರುತ್ತಾಳೆ,
ಕಾಟನ್‌ಪೇಟೆಯ ಓಣಿಯಲ್ಲಿ
ನಲವತ್ತೆರಡು ವರ್ಷ ರವಿಕೆ ಹೊಲಿದವಳು.
ನನ್ನನ್ನು ಕಂಡೊಡನೆ ಕಣ್ಣಲ್ಲೇ ಭುಜ ಅಳೆಯುತ್ತಾಳೆ,
ನಾನು ಅವಳ ಒಳಗನ್ನು.

ಉಸಿರು ಹಿಡ್ಕೊಳ್ಳಿ, ಅಮ್ಮ.
ಪರದೆಯ ಬೂದಿಯೊಳಗೆ ಒಂದು ಕಪ್ಪು ದುಂಡು
ಬೆನ್ನುಮೂಳೆಗೆ ಒರಗಿ ಮಿಡಿಯುತ್ತಿದೆ.
ಮಹಾಧಮನಿ.
ಸವೆದ ಟೈರಿನ ಬಿರುಕಿನಿಂದ ಟ್ಯೂಬು ಇಣುಕುವಂತೆ
ಒಂದೇ ಕಡೆ ಉಬ್ಬಿದೆ.
ಹೋದ ಸಲ ನಲವತ್ತಾರು ಮಿಲಿಮೀಟರು,
ಅದರ ಹಿಂದೆ ನಲವತ್ತಮೂರು.

ಮೊದಲ ದಿನದ ಫಾರಮ್ಮಿನಲ್ಲಿ
ಧೂಮಪಾನ: ಇಲ್ಲ. ಮಗನ ದುಂಡು ಅಕ್ಷರ.
ಅವನು ತಾಯಿಯನ್ನು ಕೇಳಿರಲಿಲ್ಲ. ನಾವೂ ಕೇಳಲಿಲ್ಲ.
ಅವನು ಬಿಲ್ಲು ಕಟ್ಟಲು ಹೋದಾಗ ಅವಳೇ ಹೇಳಿದ್ದು:
"ಹಬ್ಬದ ಹಿಂದಿನ ರಾತ್ರಿ ಕಾಜ ಹಾಕೋವಾಗ ನಿದ್ದೆ ತಡೀಬೇಕಲ್ಲ.
ದಿನಕ್ಕೊಂದು ಕಟ್ಟು ಬೀಡಿ.
ಗಂಡ ಹೋದ ಮೇಲೆ ಅವನ ಎಡೆಗೆ ಅಂತ ತರಿಸ್ತಿದ್ದೆ.
ವರ್ಷಪೂರ್ತಿ ಎಡೆ!"
ನಕ್ಕಾಗ ಪರದೆಯ ಮೇಲೆ ದುಂಡು ಕುಣಿಯಿತು.
ನಾನು ನಗಲಿಲ್ಲ.

ಸರ್ಜನ್ ಫಿರ್ದೋಸ್ ಬಿಡಿಸಿ ಹೇಳಿದ್ದರು.
ಗಂಡಸರಿಗೆ ಐವತ್ತೈದು ಮುಟ್ಟಿದರೆ ಆಪರೇಷನ್ನು.
ಹೆಂಗಸರ ನಾಳ ಹುಟ್ಟಾ ಸಣ್ಣದು,
ಕಡಿಮೆ ಉಬ್ಬಿದರೂ ಒಡೆದೀತು; ಐವತ್ತಕ್ಕೇ ಯೋಚಿಸುತ್ತೇವೆ.
"ಆ ಐವತ್ತೈದು ಯಾರ ಮೈಮೇಲೆ ಅಳೆದದ್ದು?"
"ಹೆಚ್ಚೂಕಡಿಮೆ ಎಲ್ಲಾ ಗಂಡಸರೇ."
"ಐವತ್ತು?"
ಡಾಕ್ಟರು ಪೆನ್ನಿನ ಮುಚ್ಚಳ ಹಾಕಿದರು, ತೆಗೆದರು.
"ಅಂದಾಜು, ಅಮ್ಮ. ಯೋಚನೆ ಮಾಡಿ ಹಾಕಿರೋ ಅಂದಾಜು."
"ಹಂಗಾದ್ರೆ ಅಂಗಿ ಅಳತೆಗೆ ರವಿಕೆ ಹೊಲೀತಿದೀರ.
ಬಗಲಲ್ಲಿ ಹಿಡಿಯತ್ತೆ."

ಹಾಗಂತ ಬೇಗ ಕೊಯ್ದುಬಿಡಿ ಅನ್ನುವಂತೆಯೂ ಇಲ್ಲ.
ತೊಡೆಸಂದಿನಿಂದ ಸ್ಟೆಂಟ್ ಏರುವ ದಾರಿ
ನಮ್ಮಲ್ಲಿ ಕಿರಿದು, ಡೊಂಕು.
ಮೇಜಿನ ಮೇಲೆ ಉಸಿರು ಬಿಡುವವರಲ್ಲೂ
ನಮ್ಮ ಪಾಲೇ ಹೆಚ್ಚು.
ಕಾದರೂ ನಾವು, ಕೊಯ್ದರೂ ನಾವು.
ಇದನ್ನು ಡಾಕ್ಟರು ಅವಳಿಗೆ ಮುಚ್ಚಿಡಲಿಲ್ಲ.
ಅವಳು ಕೇಳಿಸಿಕೊಂಡು, ಸೆರಗಿನ ಅಂಚಿನ ದಾರ
ಒಂದನ್ನು ಹಲ್ಲಲ್ಲಿ ಕಡಿದಳು.

ಇವತ್ತು ನನ್ನ ಸರದಿ.
ಮೇಲಿನ ಗೋಡೆಗೊಂದು ಪ್ಲಸ್ ಗುರುತು,
ಕೆಳಗಿನ ಗೋಡೆಗೊಂದು.
ಒಳಗಿನಿಂದ ಒಳಕ್ಕೆ ಹಿಡಿದರೆ ನಲವತ್ತೆಂಟು.
ಹೊರಗಿನಿಂದ ಹೊರಕ್ಕೆ, ಐವತ್ತೊಂದು.
ನಡುವೆ ಇರುವುದು ಒಂದು ಗೋಡೆಯ ದಪ್ಪ,
ನನ್ನ ಬೆರಳಿನ ನಡುಕ,
ಮತ್ತೆ ಒಬ್ಬ ಹೆಂಗಸು.

"ಎಷ್ಟಾಯ್ತು?"
"ಇನ್ನೊಂದ್ಸಲ ಅಳೀತೀನಿ."
"ಅಳಿ, ಅಳಿ. ಇರೋದು ಒಂದೇ ಪೀಸು.
ಹೊಲಿಗೆ ತಪ್ಪಿದ್ರೆ ಬಿಚ್ಚಬಹುದು,
ಕತ್ತರಿ ಬಿಚ್ಚೋಕಾಗಲ್ಲ."
ಸ್ವಲ್ಪ ಹೊತ್ತಿನ ಮೇಲೆ, ಕತ್ತಲಿಗೇ ಎಂಬಂತೆ:
"ಎದೆಸುತ್ತು ಬರೆಯೋವಾಗ ನಾನು ಒಂದು ಬೆರಳು ಸೇರಿಸ್ತಿದ್ದೆ.
ಉಸಿರಾಡೋಕೆ."

ವರದಿಯಲ್ಲಿ ಒಂದೇ ಸಂಖ್ಯೆಗೆ ಜಾಗ.
'ಇತರೆ' ಎಂಬ ಸಾಲಿನಲ್ಲಿ ಟೈಪ್ ಮಾಡಿದೆ:
ಒಳಗೆ ೪೮. ಹೊರಗೆ ೫೧. ಒಂದೂವರೆ ವರ್ಷದ ಹಿಂದೆ ೪೦.
ಹೆಂಗಸು. ಗಿಡ್ಡ ಮೈ. ಬೀಡಿ: ಹೌದು.
ದಯವಿಟ್ಟು ಈ ವಾರವೇ ನೋಡಿ.

ಜೆಲ್ ಒರೆಸಿಕೊಂಡು, ನೆರಿಗೆ ಸಿಕ್ಕಿಸಿಕೊಂಡು,
ಬಾಗಿಲಲ್ಲಿ ನಿಂತಳು.
"ನಿನ್ನ ಕೋಟು ಭುಜಕ್ಕೆ ಜಾರ್ತಿದೆ, ಮಗಾ.
ಗಂಡಸರ ಸೈಜು ಕೊಟ್ಟವ್ರೆ.
ಇದೊಂದು ಮುಗೀಲಿ, ಹಿಡಿದು ಕೊಡ್ತೀನಿ."

ಹೊರಗೆ ಮೆಟ್ರೋ ಹಾದು ಕಿಟಕಿ ಗಿಲಿಗುಟ್ಟಿತು.
ತೋಳನ್ನು ಎರಡು ಮಡಿಕೆ ಮೇಲಕ್ಕೇರಿಸಿ
ಮುಂದಿನ ಹೆಸರು ಕೂಗಿದೆ.